ಬೆತ್ಲೆಹೇಮಿನ ವಿನಂತಿಕಾರ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಸತ್ಯ ಯಾವುದು, ಅದನ್ನು ಕಂಡವರು ಯಾರು ಎಂಬ ವಾದ ಶಿಕಾರಿಪುರ-ಸೊರಬಗಳ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಒಂದು ಕಾಲಕ್ಕೆ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಒಂದೇ ಊರಿನಲ್ಲಿದ್ದವು. ಅಲ್ಲಿಯ ಕೇದಾರೇಶ್ವರದ ಕೋಡಿಯಮಠದಲ್ಲಿ ವೇದಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳನ್ನೂ ಓದಿಸುತ್ತಿದ್ದರೆಂದೂ, ದೀನರು, ಕುರುಡರು, ಕಿವುಡರು, ನಾನಾ ಪಂಥದ ಸಂನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ಬಿಜ್ಜಳನ ಕಾಲದ ೧೧೬೨ರ ಶಾಸನ ಹೇಳುತ್ತದೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ರಾಣಿ ಮಾಳಲದೇವಿ ಕಟ್ಟಿಸಿದ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟವರು ಆ ಅಗ್ರಹಾರದ ಬ್ರಾಹ್ಮಣರೇ. ಅಲ್ಲಮಪ್ರಭುವಿನ ಊರು ಬಳ್ಳಿಗಾವೆ. ಅಕ್ಕಮಹಾದೇವಿಯ ಉಡುತಡಿಯೂ ಅದರ ನೆರೆಯಲ್ಲಿಯೇ.

ಇದನ್ನೆಲ್ಲ ಕೇಳಿದವರು, ನಮ್ಮ ಹಿಂದಿನವರು ಎಲ್ಲ ಮತಗಳೂ ಒಂದೇ ಎಂದು ನೆಮ್ಮದಿಯಿಂದಿದ್ದರೆಂದು ತಿಳಿಯುವುದುಂಟು. ಹಾಗೇನೂ ಇರಲಿಲ್ಲ. ಗಡಿ ದಾಟಿದರೆ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು. ಅಲ್ಲಿಯ ಶಾಸನದ ಪ್ರಕಾರ ಏಕಾಂತದ ರಾಮಯ್ಯನು ಶಿವನೇ ದೇವರೆಂದು ಜೈನರೊಡನೆ ಪಣ ಕಟ್ಟಿ ತನ್ನ ತಲೆಯನ್ನೇ ಅರಿದೊಪ್ಪಿಸಿ, ಏಳು ದಿನಗಳ ಮೇಲೆ ಮರಳಿ ಪಡೆದನು. ಪವಾಡವನ್ನು ನಂಬುವುದೂ ಬಿಡುವುದೂ ಓದುವವರ ಇಷ್ಟ. ಆದರೆ ಸತ್ಯವೆಂಬುದು ತಲೆಯನ್ನು ಪಣಕ್ಕೊಡ್ಡಬೇಕಾದಷ್ಟು ದೊಡ್ಡ ವಸ್ತುವೆಂದು ಆ ಕಾಲದವರು ಭಾವಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇದೇ ಅಬ್ಬಲೂರನ್ನು ಸರ್ವಜ್ಞನ ತಾಯಿಯ ಊರೆಂದೂ, ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿಯ ದಂಡೆಯ ಮಾಸೂರನ್ನು ಅವನ ತಂದೆಯ ಊರೆಂದೂ ಜನ ಹೇಳುತ್ತಾರೆ. ಈ ಅಲ್ಲಮ, ಈ ಸರ್ವಜ್ಞ ಇವರಿಬ್ಬರ ಮಾತುಗಳಿಗೆ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟವರಲ್ಲಿ ಒಬ್ಬರು ಕ್ರೈಸ್ತ ಪಾದ್ರಿಗಳು. ಕ್ರಿಸ್ತನೇ ಜಗತ್ತಿನ ರಕ್ಷಕನೆಂಬ ವಿಶ್ವಾಸವನ್ನು ಅವರು ಕೊನೆಯವರೆಗೂ ಬಿಟ್ಟುಕೊಟ್ಟವರಲ್ಲ. ಉತ್ತಂಗಿ ಚನ್ನಪ್ಪನವರ ಜೀವನದ ಸ್ವಾರಸ್ಯವೂ ಕಷ್ಟವೂ ಅಲ್ಲಿಯೇ ಇದೆ.

ಅವರು ಹುಟ್ಟಿದ್ದು ೧೮೮೧ರ ಅಕ್ಟೋಬರ್ ೨೮ರಂದು, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹಿರಿಯರು ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ ವೀರಶೈವ ಮನೆತನದವರು. ಈ ಹೆಸರುಗಳನ್ನೇ ಒಂದಿಷ್ಟು ಗಮನಿಸಬೇಕು. ತಂದೆಯದು ಹೀಬ್ರೂ ಪ್ರವಾದಿಯ ಹೆಸರು, ಅದರ ಬಾಲಕ್ಕೆ ನಮ್ಮ ‘ಅಪ್ಪ’. ತಾಯಿಯದು ಭಕ್ತಿಯ ಹೆಸರು, ಅದಕ್ಕೆ ನಮ್ಮ ‘ಅವ್ವ’. ಮಗನಿಗೆ ಮಾತ್ರ ಚನ್ನಬಸವಣ್ಣನನ್ನು ನೆನಪಿಗೆ ತರುವ ಚನ್ನಪ್ಪನೆಂಬ ಹೆಸರು. ಮತ ಬದಲಾದರೂ ಮನೆಯ ಮಾತು ಬದಲಾಗಿರಲಿಲ್ಲ.

ಚನ್ನಪ್ಪನವರನ್ನು ಬೆಳೆಸಿದ ಬಾಸೆಲ್ ಮಿಶನ್ನಿನ ವಿಷಯವಾಗಿ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ತಿಳಿಯದು. ಆ ಮಿಶನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಿಂದ ಬಂದವರು. ೧೮೩೫ರಲ್ಲಿ ಅದೇ ಸೀಮೆಯ ಟ್ಯೂಬಿಂಗನ್ ವಿದ್ಯಾಪೀಠದಲ್ಲಿದ್ದ ತರುಣ ಪಂಡಿತ ಡೇವಿಡ್ ಸ್ಟ್ರೌಸನು ಯೇಸುವಿನ ಜೀವನವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸುವಾರ್ತೆಗಳಲ್ಲಿಯ ಅದ್ಭುತಗಳು ನಡೆದ ಸಂಗತಿಗಳಲ್ಲ; ಆದಿಯ ಭಕ್ತರ ಭಾವನೆ ಹೆಣೆದ ಪುರಾಣಗಳು; ಕಥೆ ಹೋದರೂ ಅದರೊಳಗಿನ ತತ್ತ್ವ ಉಳಿಯುತ್ತದೆ ಎಂಬುದು ಅವನ ವಾದ. ಯೂರೋಪಿನ ಕ್ರೈಸ್ತ ಲೋಕವೇ ನಡುಗಿತು. ಸ್ಟ್ರೌಸನು ತನ್ನ ಹುದ್ದೆಯನ್ನು ಕಳೆದುಕೊಂಡನು. ಮುಂದೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ನಮ್ಮ ಪತ್ರಿಕೋದ್ಯಮದ ಮೂಲಪುರುಷನೆನಿಸಿದ ಹರ್ಮನ್ ಮ್ಯೋಗ್ಲಿಂಗ್ ಓದಿದ್ದು ಆ ವರ್ಷಗಳ ಟ್ಯೂಬಿಂಗನ್ನಿನಲ್ಲಿಯೇ. ೧೮೩೬ರ ಕೊನೆಯಲ್ಲಿ ಅವನು ಮಂಗಳೂರಿಗೆ ಬಂದಿಳಿದನು. ನಡೆದದ್ದು ನಿಜವೇ ಎಂಬ ಪ್ರಶ್ನೆಯ ಬಿಸಿಯನ್ನು ಬಲ್ಲ ಪೀಳಿಗೆ ಅದು. ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಇವನ್ನು ಕಲ್ಲಚ್ಚಿನಲ್ಲಿ ಹೊರತಂದವರೂ ಅವರೇ. ಎದುರಾಳಿಯ ಗ್ರಂಥವನ್ನು ಮೊದಲು ಸರಿಯಾಗಿ ಅಚ್ಚುಹಾಕಿ, ಆಮೇಲೆ ವಾದಕ್ಕಿಳಿಯುವ ಪಂಡಿತರನ್ನು ಇಂದು ಹುಡುಕಬೇಕು.

ಧಾರವಾಡದ ಶಾಲೆ ಮುಗಿಸಿ ಚನ್ನಪ್ಪನವರು ದೇವಶಾಸ್ತ್ರ ಕಲಿಯಲು ಸೇರಿದ್ದು ಮಂಗಳೂರಿನಲ್ಲಿ ಆ ಮಿಶನ್ ನಡೆಸುತ್ತಿದ್ದ ಪಾಠಶಾಲೆಗೆ. ಅಲ್ಲಿಂದ ಹೊರಬಿದ್ದು ಉತ್ತರ ಕರ್ನಾಟಕದಲ್ಲಿ ಸುವಾರ್ತೆ ಸಾರುವ ಕೆಲಸಕ್ಕೆ ನಿಂತರು. ಸಂತೆಯಲ್ಲಿ, ಜಾತ್ರೆಯಲ್ಲಿ, ಹಳ್ಳಿಯ ಕಟ್ಟೆಯ ಮೇಲೆ ನಿಂತು ಮಾತನಾಡುವುದೆಂದರೆ ಪುಸ್ತಕದ ಪಾಂಡಿತ್ಯಕ್ಕೆ ದೊಡ್ಡ ಪರೀಕ್ಷೆ. ಕೇಳುವವನಿಗೆ ತನ್ನದೇ ದೇವರಿದ್ದಾನೆ, ತನ್ನದೇ ಗುರುವಿದ್ದಾನೆ, ನಾಲಗೆಯ ಮೇಲೆ ಸಿದ್ಧವಾಗಿ ಕುಳಿತ ಒಂದು ತ್ರಿಪದಿಯಿದೆ. ೧೯೧೪ರ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿತು. ಮಿಶನ್ನಿನ ಹಂಚಿನ ಕಾರಖಾನೆ, ನೇಯ್ಗೆಯ ಕಾರಖಾನೆಗಳು ಬೇರೆಯವರ ಕೈಸೇರಿದವು. ಆಗ ಚನ್ನಪ್ಪನವರು ಮೂವತ್ತರ ಮೇಲಿನ ವಯಸ್ಸಿನವರು. ಬಿಳಿಯ ಪಾದ್ರಿಯ ನೆರಳಿಲ್ಲದೆ, ಕನ್ನಡ ಕ್ರೈಸ್ತನು ತನ್ನ ವಿಶ್ವಾಸಕ್ಕೆ ತಾನೇ ಉತ್ತರ ಕೊಡಬೇಕಾದ ಕಾಲ ಬಂದಿತು.

ಯಾರಿಗೆ ಉತ್ತರ? ಹಳೆಯ ಎದುರಾಳಿ ಸುಲಭವಾಗಿದ್ದನು: ನಿನ್ನದು ಸುಳ್ಳು, ನನ್ನದು ನಿಜ ಎನ್ನುತ್ತಿದ್ದನು. ಹೊಸ ಕಾಲದ ವಿದ್ಯಾವಂತನು ಹಾಗೆನ್ನಲಿಲ್ಲ. ನಿನ್ನದೂ ನಿಜ, ನನ್ನದೂ ನಿಜ. ನದಿಗಳು ಹಲವಾದರೂ ಕಡಲೊಂದೇ. ಕ್ರಿಸ್ತನು ಮಹಾತ್ಮನೇ ಸರಿ, ಅವನ ಉಪದೇಶವನ್ನು ಒಪ್ಪಿದೆವು. ಅವನು ಸತ್ತು ಎದ್ದನೋ ಇಲ್ಲವೋ ಎಂಬ ಜಗಳವೇಕೆ? ಧರ್ಮವೆಂದರೆ ಅನುಭವ, ಅದಕ್ಕೆ ಇತಿಹಾಸದ ಹಂಗೇಕೆ? ಇದು ಹೊಸಬನ ಮಾತು. ೧೮೯೩ರ ಚಿಕಾಗೋ ಸಭೆಯಿಂದೀಚೆಗೆ ನಮ್ಮ ವಿದ್ಯಾವಂತರ ಬಾಯಲ್ಲಿ ಈ ಧಾಟಿ ನೆಲೆನಿಂತಿತು. ಇದರಲ್ಲಿ ಔದಾರ್ಯವಿದೆ, ಮತಮತಗಳ ನಡುವಣ ಕತ್ತಿಯನ್ನು ಒರೆಗೆ ಸೇರಿಸಿದ ಪುಣ್ಯ ಇದಕ್ಕೆ ಸಲ್ಲಬೇಕು. ಆದರೆ ಕ್ರೈಸ್ತನಿಗೆ ಇದು ಹೊಗಳಿಕೆಯ ರೂಪದಲ್ಲಿ ಬಂದ ನಿರಾಕರಣೆ. ಅವನ ವಿಶ್ವಾಸ ನಿಂತಿರುವುದು ಒಂದು ತತ್ತ್ವದ ಮೇಲಲ್ಲ. ಒಂದು ದೇಶದಲ್ಲಿ, ಒಬ್ಬ ಅಧಿಕಾರಿಯ ಆಳ್ವಿಕೆಯಲ್ಲಿ ನಡೆದುಹೋಯಿತೆಂದು ಅವನು ನಂಬುವ ಘಟನೆಯ ಮೇಲೆ. ಅದು ನಡೆಯದಿದ್ದರೆ ತಮ್ಮ ವಿಶ್ವಾಸವೆಲ್ಲ ವ್ಯರ್ಥವೆಂದು ಪೌಲನೇ ಒಪ್ಪಿಕೊಂಡಿದ್ದಾನೆ. ಸ್ಟ್ರೌಸನು ಟ್ಯೂಬಿಂಗನ್ನಿನಲ್ಲಿ ಹೇಳಿದ್ದೂ, ಧಾರವಾಡದ ವಕೀಲರ ಜಗಲಿಯಲ್ಲಿ ಕೇಳಿಬಂದದ್ದೂ ಕೊನೆಗೆ ಒಂದೇ ಮಾತು: ಘಟನೆ ಹೋಗಲಿ, ತಿರುಳು ಇರಲಿ.

ಈ ಸನ್ನಿವೇಶದಲ್ಲಿ ಚನ್ನಪ್ಪನವರು ಬರೆದ ಗ್ರಂಥದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರಿನಲ್ಲಿಯೇ ಅವರ ನಿಲುವು ಅಡಗಿದೆ. ಬೆತ್ಲೆಹೇಮೂ ಬನಾರಸವೂ ತತ್ತ್ವಗಳಲ್ಲ, ಊರುಗಳು. ಎರಡು ಊರುಗಳು ಒಂದೇ ಆಗಲಾರವು. ಒಂದರಿಂದ ಇನ್ನೊಂದಕ್ಕೆ ದಾರಿ ಮಾತ್ರ ಇರಬಹುದು. ಬಂದಿರುವುದು ಸವಾಲಲ್ಲ, ಖಂಡನೆಯಲ್ಲ, ವಿನಂತಿ. ಬೇಡುವವನು ತನ್ನಲ್ಲಿರುವುದು ಬೆಲೆಯುಳ್ಳದ್ದೆಂದು ಬಲ್ಲನು, ಕೊಡುವ ಬಿಡುವ ಸ್ವಾತಂತ್ರ್ಯ ಎದುರಿನವನದೆಂದೂ ಬಲ್ಲನು. ಹಿಂದೂ ಸಮಾಜದ ಬಾಳಿಗೆ ಕ್ರಿಸ್ತನ ಅಗತ್ಯವಿದೆಯೆಂದು ಅವರು ನಂಬಿದ್ದರು. ಆದರೆ ಕ್ರಿಸ್ತನನ್ನು ಒಪ್ಪುವುದೆಂದರೆ ನಾಡನ್ನೂ ನುಡಿಯನ್ನೂ ಹಿರಿಯರನ್ನೂ ಬಿಟ್ಟು ಪಡುವಣದವರಾಗುವುದೆಂದು ಅವರು ತಿಳಿದಿರಲಿಲ್ಲ. ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು ಅಭಂಗದಲ್ಲಿ ಕ್ರಿಸ್ತನನ್ನು ಹಾಡಿ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಜೊತೆ ಹುಡುಕಿದರೆ ಸಿಗುವವರು ಚನ್ನಪ್ಪನವರು. ಆದರೆ ಇವರು ಹಿಡಿದ ದಾರಿ ಬೇರೆ. ತಾವು ಹಾಡಲಿಲ್ಲ, ಕನ್ನಡಿಗರು ಆಗಲೇ ಹಾಡಿದ್ದನ್ನು ಹೆಕ್ಕಿ ಕೂಡಿಸಿದರು.

ಅದೇ ಸರ್ವಜ್ಞನ ವಚನಗಳ ಸಂಗ್ರಹ. ಅದು ೧೯೨೪ರಲ್ಲಿ ಹೊರಬಂದಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಗಿತ್ತು. ಎರಡು ವರ್ಷಗಳಲ್ಲಿ ಕನ್ನಡಿಗರ ಕೈಗೆ ಎರಡು ನಿಧಿಗಳು ದೊರೆತವು. ಸರ್ವಜ್ಞನ ಹೆಸರು ಅದಕ್ಕೆ ನೂರು ವರ್ಷ ಹಿಂದೆಯೇ ಫ್ರೆಂಚ್ ಪಾದ್ರಿ ದುಬುವಾನ ಗ್ರಂಥದಲ್ಲಿ ಸಿಕ್ಕುತ್ತದೆ. ಆದರೆ ಅವನ ಪದಗಳು ಇದ್ದದ್ದು ಓಲೆಗಳಲ್ಲಿ, ಹರಿದ ಕೈಬರಹದ ಹೊತ್ತಗೆಗಳಲ್ಲಿ, ಎಲ್ಲಕ್ಕೂ ಹೆಚ್ಚಾಗಿ ಜನರ ಬಾಯಲ್ಲಿ. ಸಂಗ್ರಹದ ಕಷ್ಟ ಎಂಥದೆಂದು ಆ ಕೆಲಸ ಮಾಡದವರಿಗೆ ಊಹಿಸುವುದು ಸುಲಭವಲ್ಲ. ತ್ರಿಪದಿ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಬೀಸುವವರಿಗೂ ಕುಟ್ಟುವವರಿಗೂ ಬರುವ ವಿದ್ಯೆ. ಕೊನೆಗೆ ಸರ್ವಜ್ಞನ ಅಂಕಿತ ಸೇರಿಸಿದರೆ ಯಾರು ಕಟ್ಟಿದ್ದೂ ಅವನದಾಗುತ್ತದೆ. ಒಂದೇ ಪದ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಅವನ್ನೆಲ್ಲ ಹೋಲಿಸಿ, ಜಳ್ಳು ತೂರಿ, ವಿಷಯಕ್ಕೆ ತಕ್ಕಂತೆ ಪದ್ಧತಿಗಳಾಗಿ ಜೋಡಿಸಿ, ಸಾವಿರಕ್ಕೂ ಎಷ್ಟೋ ಮಿಕ್ಕ ಪದಗಳನ್ನು ಅವರು ಓದುಗರ ಮುಂದಿಟ್ಟರು. ಅವನ ಜೀವನದ ಸುದ್ದಿಯನ್ನೂ ಶೋಧಿಸಿದರು. ಮಾಸೂರಿನ ಬಸವರಸನು ಮಕ್ಕಳಿಲ್ಲದೆ ಕಾಶಿಗೆ ಹೋಗಿ ಮರಳುವಾಗ ಅಂಬಲೂರಿನ ಕುಂಬಾರಗಿತ್ತಿ ಮಾಳಿಯಲ್ಲಿ ಸರ್ವಜ್ಞ ಹುಟ್ಟಿದನೆಂಬ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬನಾರಸಕ್ಕೆ ವಿನಂತಿ ಬರೆದವರಿಗೆ ಬನಾರಸದ ಹರಕೆಯ ಮಗನೇ ಜೀವನದ ಜೊತೆಗಾರನಾದದ್ದು ಒಂದು ವಿನೋದ.

ಜನ ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ತಿರುಕನೆಂದರೆ ಮನೆಮನೆಯ ಬಾಗಿಲಲ್ಲಿ ನಿಲ್ಲುವವನು. ಸರ್ವಜ್ಞನೂ ಹಾಗೆ ನಿಂತವನೇ. ಆದರೆ ಬಾಗಿಲುಗಳೆಲ್ಲ ಸಲೀಸಾಗಿ ತೆರೆಯುವುದಿಲ್ಲ. ಶಿವಶರಣರ ವಾಙ್ಮಯವನ್ನು ಪಾದ್ರಿಯೊಬ್ಬನು ಮುಟ್ಟುವುದರ ಹಿಂದೆ ಮತಾಂತರದ ಹಂಚಿಕೆಯಿರಬಹುದೆಂಬ ಅನುಮಾನ ಒಂದು ಕಡೆ. ಸಭೆಯ ಪಾದ್ರಿಗೆ ಸತ್ಯವೇದ ಸಾಲದೇ, ವಚನಗಳೇಕೆ ಎಂಬ ಆಕ್ಷೇಪ ಇನ್ನೊಂದು ಕಡೆ. ಇಂಥ ಸ್ಥಾನದಲ್ಲಿ ನಿಂತವನಿಗೆ ಎರಡು ಸುಲಭದ ದಾರಿಗಳಿರುತ್ತವೆ. ಎಲ್ಲವೂ ಒಂದೇ ಎಂದುಬಿಟ್ಟು ಎರಡೂ ಕಡೆಯವರ ಮೆಚ್ಚುಗೆ ಪಡೆಯಬಹುದು. ಇಲ್ಲವೆ ಒಂದನ್ನು ಕೈಬಿಟ್ಟು ಇನ್ನೊಂದರ ಆಶ್ರಯದಲ್ಲಿ ನೆಮ್ಮದಿಯಾಗಿರಬಹುದು. ಚನ್ನಪ್ಪನವರು ಎರಡನ್ನೂ ಆಯ್ದುಕೊಳ್ಳಲಿಲ್ಲ. ಅವರು ಸಾಯುವವರೆಗೂ ರೆವರೆಂಡ್. ಹಾಗೆಯೇ ಸಾಯುವವರೆಗೂ ವಚನಗಳ ವಿದ್ಯಾರ್ಥಿ. ಬಸವಣ್ಣನವರು ಅಸ್ಪೃಶ್ಯರ ಉದ್ಧಾರಕ್ಕಾಗಿ ಮಾಡಿದ್ದನ್ನು ಕುರಿತು ಬರೆದರು; ಕಟ್ಟಿಗೆ ಮಾರಿ ಬಾಳಿದ ಮೋಳಿಗೆಯ ಮಾರಯ್ಯ ಮತ್ತು ಅವನ ಹೆಂಡತಿ ಮಹಾದೇವಿಯ ವಚನಗಳನ್ನು ಸಂಪಾದಿಸಿದರು; ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು.

ಅವರ ಬದುಕಿನ ಎರಡು ಎಳೆಗಳು ಒಂದೇ ಗಂಟಿನಲ್ಲಿ ಕೂಡಿದ್ದು, ನನಗೆ ತೋರುವ ಮಟ್ಟಿಗೆ, ಅನುಭವಮಂಟಪದ ವಾದದಲ್ಲಿ. ಕಲ್ಯಾಣದಲ್ಲಿ ಅಲ್ಲಮಪ್ರಭುವಿನ ಅಧ್ಯಕ್ಷತೆಯಲ್ಲಿ ಶರಣರ ಸಭೆಯೊಂದು ನಡೆಯುತ್ತಿತ್ತೆಂಬುದು ಸಂಪ್ರದಾಯ. ಆಧುನಿಕ ಇತಿಹಾಸದ ವಿಮರ್ಶೆ ಈ ಸಂಪ್ರದಾಯದ ಬುಡಕ್ಕೆ ಕೈಹಾಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ಲೀಟ್ ಸಾಹೇಬರು ಅಬ್ಬಲೂರಿನ ಶಾಸನಗಳನ್ನು ಓದಿ, ವೀರಶೈವದ ಮೂಲಪುರುಷ ಬಸವಣ್ಣನಲ್ಲ, ಏಕಾಂತದ ರಾಮಯ್ಯನಿರಬೇಕು ಎಂಬಲ್ಲಿಯವರೆಗೆ ಹೋಗಿದ್ದರು. ಬಸವಣ್ಣನ ಹೆಸರಿರುವ ೧೨೬೦ರ ಅರ್ಜುನವಾಡದ ಶಾಸನ ಬೆಳಕಿಗೆ ಬಂದ ಮೇಲೆ ಆ ಸಂದೇಹ ಸಡಿಲಿತು. ಆದರೆ ಮಂಟಪಕ್ಕೆ ಶಾಸನವೆಲ್ಲಿ? ಅದರ ವಿವರ ತುಂಬಿರುವ ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನದವು, ಎಂದರೆ ಶರಣರಿಗೆ ಮುನ್ನೂರು ವರ್ಷ ಈಚಿನವು. ಕಪಟರಾಳ ಕೃಷ್ಣರಾಯರು ದೊಡ್ಡ ವಿದ್ವಾಂಸರು. ಅವರು ಅನುಭವಮಂಟಪದ ಐತಿಹಾಸಿಕತೆಯನ್ನೇ ಪ್ರಶ್ನಿಸಿದರು. ಉತ್ತರವಾಗಿ ಚನ್ನಪ್ಪನವರು ‘ಅನುಭವಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ೧೯೫೧ರಲ್ಲಿ ಪ್ರಕಟಿಸಿದರು.

ಪಾದ್ರಿಗೆ ಈ ಉಸಾಬರಿ ಏಕೆ ಬೇಕಿತ್ತು? ಮಂಟಪ ಇರಲಿ ಬಿಡಲಿ, ವಚನಗಳ ತಿರುಳು ಉಳಿಯುತ್ತದಲ್ಲ ಎಂದು ವೀರಶೈವರೇ ಎಷ್ಟೋ ಜನ ಸಮಾಧಾನಪಟ್ಟಿರಬಹುದು. ಆದರೆ ಘಟನೆ ಹೋಗಲಿ ತಿರುಳು ಇರಲಿ ಎಂಬ ಮಾತಿನ ಬೆಲೆಯನ್ನು ಚನ್ನಪ್ಪನವರು ತಮ್ಮ ಮನೆಯಲ್ಲಿಯೇ ತೆತ್ತು ಬಲ್ಲವರು. ಕ್ರಿಸ್ತನ ವಿಷಯದಲ್ಲಿ ಆ ಮಾತನ್ನು ಒಪ್ಪದವನು ಅಲ್ಲಮನ ವಿಷಯದಲ್ಲಿ ಒಪ್ಪಿದ್ದರೆ ಅದು ಅನ್ಯಾಯವಾಗುತ್ತಿತ್ತು. ತನ್ನ ದೇವರಿಗೆ ಇತಿಹಾಸ, ಪರರ ದೇವರಿಗೆ ಪುರಾಣ ಎಂದು ಹಂಚಿಬಿಡುವ ಮತಪ್ರಚಾರಕರನ್ನು ನಾವು ಕಂಡಿದ್ದೇವೆ. ಇವರು ತಮ್ಮ ವಿಶ್ವಾಸದ ರಕ್ಷಣೆಗೆ ಹೊತ್ತ ಗುರಾಣಿಯನ್ನು ನೆರೆಯವನ ಮಂಟಪಕ್ಕೂ ಅಡ್ಡ ಹಿಡಿದರು.

ಮಂಟಪದ ಹೆಸರಿನಲ್ಲಿರುವ ಅನುಭವ ಎಂಬ ಶಬ್ದವನ್ನೂ ಇಲ್ಲಿ ನೋಡಬೇಕು. ಈಗಿನ ಕಾಲದಲ್ಲಿ ಅನುಭವವೆಂದರೆ ಒಬ್ಬೊಬ್ಬನ ಖಾಸಗಿ ಸೊತ್ತು. ನನಗೆ ಹಾಗನ್ನಿಸಿತು ಎಂದರೆ ಮುಗಿಯಿತು, ಯಾರೂ ಕೇಳುವಂತಿಲ್ಲ. ಶರಣರ ಅನುಭವ ಹೀಗಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಉಡುತಡಿಯ ಮಹಾದೇವಿ ಕಲ್ಯಾಣಕ್ಕೆ ಬಂದಾಗ ಅವಳನ್ನು ಬಾಗಿಲಲ್ಲಿಯೇ ನಿಲ್ಲಿಸಿ ಬಳ್ಳಿಗಾವೆಯ ಅಲ್ಲಮನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಉಟ್ಟದ್ದನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಕೇಳುವಷ್ಟು ಅವನು ನಿರ್ದಯ. ಒಂದೇ ತಾಲ್ಲೂಕಿನ ಮಣ್ಣಿನಿಂದ ಬಂದ ಇಬ್ಬರು, ನಾಡಿನ ಇನ್ನೊಂದು ಮೂಲೆಯಲ್ಲಿ, ಎಲ್ಲರೆದುರು, ಕಂಡದ್ದು ನಿಜವೇ ಎಂದು ಒರೆಗೆ ಹಚ್ಚುತ್ತಾರೆ. ಅನುಭವಕ್ಕೆ ಸಭೆಯ ಸಾಕ್ಷಿ ಬೇಕು ಎಂಬುದು ಅಲ್ಲಿಯ ನಿಯಮ. ಕ್ರೈಸ್ತರೂ ತಮ್ಮ ಸಮುದಾಯವನ್ನು ಕನ್ನಡದಲ್ಲಿ ‘ಸಭೆ’ ಎಂದೇ ಕರೆಯುತ್ತಾರೆ. ಮಂಟಪವನ್ನು ಚನ್ನಪ್ಪನವರು ಅಷ್ಟು ಬೇಗ ಗುರುತಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ವಾದವೆಲ್ಲ ನಿಂತಿತೆಂದು ಹೇಳುವುದು ಮಾತ್ರ ಪ್ರಾಮಾಣಿಕವಾಗದು. ಸಮಕಾಲೀನ ಶಾಸನವಿಲ್ಲದ ಕಡೆ ಈಚಿನ ಗ್ರಂಥಗಳ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಅಲ್ಲಮನ ಚರಿತ್ರೆಯನ್ನೇ ತೆಗೆದುಕೊಳ್ಳಿ. ಹರಿಹರನ ಅಲ್ಲಮ ಕಾಮಲತೆಯನ್ನು ಒಲಿದು, ಅವಳು ಸತ್ತಾಗ ಮರುಳಾಗಿ ಅಲೆದ ಮದ್ದಳೆಗಾರ. ಎರಡು ಶತಮಾನ ಕಳೆದ ಮೇಲೆ ಬಂದ ಚಾಮರಸನ ಅಲ್ಲಮನನ್ನು ಮಾಯೆ ಮುಟ್ಟಲೂ ಆರಳು. ನಡುವೆ ಆದದ್ದೇನು? ಸ್ಟ್ರೌಸನ ಶಿಷ್ಯನಾದರೆ, ಭಕ್ತರ ಭಾವನೆ ಬೆಳೆದು ಮನುಷ್ಯನನ್ನು ಮುಚ್ಚಿತು ಎನ್ನುವನು. ಭಕ್ತನಾದರೆ, ಮನುಷ್ಯನೊಳಗೆ ಇದ್ದದ್ದು ಬರಬರುತ್ತ ಕಾಣಿಸಿತು ಎನ್ನುವನು. ಈ ಪ್ರಶ್ನೆಯಿಂದ ಸುವಾರ್ತೆಗಳಿಗೂ ಬಿಡುಗಡೆಯಿಲ್ಲ. ಶರಣರನ್ನು ಓದುವಾಗ ಚನ್ನಪ್ಪನವರ ಕಣ್ಣಿಗೆ ಕ್ರೈಸ್ತ ಸಭೆಯ ಆಕೃತಿ ಅಡ್ಡ ಬಂದಿರಬಹುದೆಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಆದರೆ ಯಾವ ಕಣ್ಣೂ ಇಲ್ಲದೆ ನೋಡುವವರು ಯಾರು? ತನ್ನ ಕಣ್ಣು ಯಾವುದೆಂದು ಅವರು ಹೆಸರಿನ ಹಿಂದೆಯೇ ಬರೆದುಕೊಂಡಿದ್ದರು.

೧೯೪೯ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ನಿಜಾಮನ ಆಳ್ವಿಕೆ ಕೊನೆಗೊಂಡು ಇನ್ನೂ ಬಹಳ ದಿನಗಳಾಗಿರಲಿಲ್ಲ. ಮತದ ಹೆಸರಿನಲ್ಲಿ ಹರಿದ ನೆತ್ತರು ಆ ಸೀಮೆಯಲ್ಲಿ ಆರಿರಲಿಲ್ಲ. ಅಂಥ ಊರಿನಲ್ಲಿ, ಶರಣಬಸವೇಶ್ವರನ ಗುಡಿಯೂ ಬಂದೇನವಾಜರ ದರ್ಗಾವೂ ಇರುವಲ್ಲಿ, ಅಧ್ಯಕ್ಷಪೀಠವನ್ನು ಒಬ್ಬ ಕ್ರೈಸ್ತ ಪಾದ್ರಿ ಏರಿದರು. ಅದಕ್ಕಾಗಿ ಅವರು ತಮ್ಮ ವಿಶ್ವಾಸದ ಒಂದಕ್ಷರವನ್ನೂ ಅಳಿಸಿಕೊಂಡಿರಲಿಲ್ಲ. ಯಾರೂ ಅವರನ್ನು ಅಳಿಸಿಕೊಳ್ಳೆಂದು ಕೇಳಲೂ ಇಲ್ಲ.

೧೯೬೨ರ ಆಗಸ್ಟ್ ೨೮ರಂದು, ತಮ್ಮ ಎಂಬತ್ತೊಂದನೆಯ ವರ್ಷದಲ್ಲಿ, ಅವರು ತೀರಿಕೊಂಡರು. ಸರ್ವಜ್ಞನ ಪದಗಳು ಇಂದು ಶಾಲೆಯ ಪಠ್ಯಗಳಲ್ಲಿವೆ. ಓದುವ ಮಕ್ಕಳಿಗೆ ಅವನ್ನು ಕೂಡಿಹಾಕಿದವರ ಹೆಸರು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ವಿನಂತಿಯ ಪುಸ್ತಕವನ್ನು ಓದಿದವರು ಇನ್ನೂ ಕಡಿಮೆ. ೨೦೨೧ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸದೊಂದು ಅನುಭವಮಂಟಪಕ್ಕೆ ಸರಕಾರದ ವತಿಯಿಂದ ಅಡಿಗಲ್ಲು ಬಿದ್ದಿತು. ಅದನ್ನು ಇಟ್ಟ ಅಂದಿನ ಮುಖ್ಯಮಂತ್ರಿಗಳು ಶಿಕಾರಿಪುರದಿಂದ ಆರಿಸಿಬಂದವರು. ಹಳೆಯ ಮಂಟಪ ಎಲ್ಲಿತ್ತು, ಹೇಗಿತ್ತು ಎಂಬ ಚರ್ಚೆ ವಿದ್ವಾಂಸರ ನಡುವೆ ಮುಂದುವರಿದೇ ಇದೆ.